ಕ್ರಿಪ್ಟೊ ವ್ಯಾಲೆಟ್ ಕಳವು ಮತ್ತು ಮರುವಸೂಲಿ ವಂಚನೆ

ಬಿಟ್‌ಕಾಯಿನ್, ಈಥರ್ ಮುಂತಾದ ಕ್ರಿಪ್ಟೊ ನಾಣ್ಯಗಳು ವ್ಯಾಲೆಟ್‌ನೊಳಗೆ ಇರುವುದಿಲ್ಲ. ಅವುಗಳ ಲೆಕ್ಕ ಇರುವುದು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಖಾತೆಪುಸ್ತಕದಲ್ಲಿ. ವ್ಯಾಲೆಟ್ ಕಾಯುವುದು ಅವನ್ನು ವರ್ಗಾಯಿಸಲು ಬೇಕಾದ ಖಾಸಗಿ ಕೀಲಿಯನ್ನು ಮಾತ್ರ. ಬಹಳಷ್ಟು ವ್ಯಾಲೆಟ್‌ಗಳು ಈ ಕೀಲಿಯ ಮೂಲವನ್ನು 2,048 ಪದಗಳ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳಾಗಿ ಕೊಡುತ್ತವೆ. ಸೀಡ್ ಫ್ರೇಸ್ ಎನ್ನುವ ಈ ಪದಗಳು ಯಾರಿಗೆ ಸಿಕ್ಕರೂ ಹಣದ ಮೇಲಿನ ಹಿಡಿತ ಅವರದಾಗುತ್ತದೆ. ಒಮ್ಮೆ ದೃಢಪಟ್ಟ ವರ್ಗಾವಣೆಯನ್ನು ರದ್ದುಮಾಡುವ ಬ್ಯಾಂಕ್ ಮ್ಯಾನೇಜರ್ ಇಲ್ಲಿಲ್ಲ. ಹಾಗಾಗಿ, ಕಳುವಾದ ನಾಣ್ಯಗಳನ್ನು ಹ್ಯಾಕ್ ಮಾಡಿಯೇ ಮರಳಿ ತರುತ್ತೇವೆ ಎಂದು ಮುಂಗಡ ಕೇಳುವವರು ಮಾಡುವುದು ಎರಡನೆಯ ಕಳವೇ ಹೊರತು ಸೇವೆಯಲ್ಲ.

ಕಳ್ಳರು ಸಾಮಾನ್ಯವಾಗಿ ಗೂಢಲಿಪಿಯನ್ನು ಒಡೆಯಲು ಹೋಗುವುದಿಲ್ಲ. ಕೀಲಿಯನ್ನು ಕದಿಯುತ್ತಾರೆ, ಇಲ್ಲವೇ ಅದರ ಒಡೆಯರ ಕೈಯಿಂದಲೇ ಸಹಿ ಮಾಡಿಸುತ್ತಾರೆ. 2025ರ ಫೆಬ್ರುವರಿಯಲ್ಲಿ ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಹೋದದ್ದು ಹೀಗೆ. ಸಹಿ ಹಾಕುವವರ ಪರದೆಯ ಮೇಲೆ ಮಾಮೂಲಿ ವರ್ಗಾವಣೆ ಕಾಣುತ್ತಿತ್ತು; ಅವರು ನಿಜಕ್ಕೂ ಒಪ್ಪಿದ್ದು ವ್ಯಾಲೆಟ್‌ನ ನಿಯಂತ್ರಣವನ್ನೇ ಬಿಟ್ಟುಕೊಡುವ ಆದೇಶಕ್ಕೆ. ಸಾಮಾನ್ಯ ಬಳಕೆದಾರರಿಗೆ ಒಡ್ಡುವ ಬಲೆ ಇನ್ನೂ ಸರಳ. ನೀವು ಪದೇ ಪದೇ ಹಣ ಕಳಿಸುವ ವಿಳಾಸದ ಮೊದಲ ಮತ್ತು ಕೊನೆಯ ಕೆಲವು ಅಕ್ಷರಗಳನ್ನೇ ಹೋಲುವ ವಿಳಾಸವೊಂದನ್ನು ಸೃಷ್ಟಿಸಿ, ಅದರಿಂದ ಚಿಲ್ಲರೆ ಮೊತ್ತ ಕಳಿಸುತ್ತಾರೆ. ಮುಂದಿನ ಸಲ ಹಳೆಯ ವ್ಯವಹಾರಗಳ ಪಟ್ಟಿಯಿಂದ ಆ ವಿಳಾಸವನ್ನು ನಕಲು ಮಾಡಿಕೊಂಡರೆ ಹಣ ಕಳ್ಳರ ಪಾಲು. ದೊಡ್ಡ ಮೊತ್ತವನ್ನು ಹಾರ್ಡ್‌ವೇರ್ ವ್ಯಾಲೆಟ್‌ನಲ್ಲಿ ಬೇರೆಯಾಗಿಡುವುದು, ಆ ಸಾಧನದ ಪರದೆಯಲ್ಲೇ ವಿಳಾಸವನ್ನು ಪೂರ್ತಿ ಓದುವುದು, ಸೀಡ್ ಪದಗಳ ಫೋಟೊ ತೆಗೆಯದೆ ಕಾಗದದಲ್ಲಿ ಬರೆದಿಡುವುದು ಬೇಸರದ ಕೆಲಸಗಳೇ. ಆದರೂ ರಕ್ಷಣೆಯ ಬಹುಪಾಲು ಇರುವುದು ಇವುಗಳಲ್ಲೇ.

ಬ್ಲಾಕ್‌ಚೈನ್ ಎಲ್ಲರಿಗೂ ತೆರೆದಿರುವುದರಿಂದ, ಕಳುವಾದ ಹಣ ಈಗ ಯಾವ ವಿಳಾಸದಲ್ಲಿದೆ ಎಂಬುದು ಎಷ್ಟೋ ಸಲ ಕಳೆದುಕೊಂಡವರ ಕಣ್ಣಿಗೇ ಕಾಣುತ್ತಿರುತ್ತದೆ. ಕಾಣುವುದನ್ನು ಹಿಡಿಯಲೂಬಹುದು ಎಂಬ ಆಸೆ ಹುಟ್ಟುವುದು ಸಹಜ. ಅಂಥವರನ್ನು ದಡ್ಡರೆಂದು ಹೀಗಳೆಯುವುದು ಅನ್ಯಾಯ. ವಂಚಕರಿಗೆ ಬೇಕಾದದ್ದೂ ಆ ಆಸೆಯೇ. ವಕೀಲರು, ತನಿಖಾಧಿಕಾರಿಗಳು ಎಂದು ಹೇಳಿಕೊಂಡು ಬಂದು, ಹಣ ಸಿಕ್ಕಿದೆಯೆಂದು ನಕಲಿ ಜಾಲತಾಣದಲ್ಲಿ ಅಂಕಿ ತೋರಿಸುತ್ತಾರೆ. ಅದರ ಬಿಡುಗಡೆಗೆ ಮೊದಲು ತೆರಿಗೆ, ಆಮೇಲೆ ನೆಟ್‌ವರ್ಕ್ ಶುಲ್ಕ, ಕೊನೆಗೆ ‘ವ್ಯಾಲೆಟ್ ಪರಿಶೀಲನೆ’ಗೆಂದು ಸೀಡ್ ಪದಗಳನ್ನೇ ಕೇಳುತ್ತಾರೆ. ಅಮೆರಿಕದ ಎಫ್‌ಬಿಐ 2023ರಲ್ಲಿ ಇಂಥ ಮರುವಸೂಲಿ ಕಂಪನಿಗಳ ಬಗ್ಗೆ, 2024ರಲ್ಲಿ ಸುಳ್ಳು ವಕೀಲಿ ಸಂಸ್ಥೆಗಳ ಬಗ್ಗೆ ಎಚ್ಚರಿಸಿತು.

ಹಣ ಮರಳಿದ ಪ್ರಸಂಗಗಳೂ ಇವೆಯಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. 2016ರಲ್ಲಿ ಬಿಟ್‌ಫಿನೆಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 1,20,000 ಬಿಟ್‌ಕಾಯಿನ್ ಕಳುವಾಗಿತ್ತು; 2022ರಲ್ಲಿ ಅಮೆರಿಕ ಸರ್ಕಾರ ಅದರಲ್ಲಿ 94,000ಕ್ಕೂ ಹೆಚ್ಚನ್ನು ವಶಪಡಿಸಿಕೊಂಡಿತು. ಆದರೆ ತನಿಖೆಗಾರರು ಬ್ಲಾಕ್‌ಚೈನನ್ನು ಭೇದಿಸಲಿಲ್ಲ. ಶೋಧ ವಾರಂಟ್ ಪಡೆದು ಆರೋಪಿಯ ಆನ್‌ಲೈನ್ ಖಾತೆ ಜಾಲಾಡಿದಾಗ ಖಾಸಗಿ ಕೀಲಿಗಳ ಕಡತವೇ ಅಲ್ಲಿತ್ತು. ಟೆದರ್‌ನಂಥ ಕಂಪನಿಗಳು ತಾವು ಬಿಡುಗಡೆ ಮಾಡಿದ ನಾಣ್ಯವನ್ನು ಸ್ತಂಭನಗೊಳಿಸಬಲ್ಲವು; ಕದ್ದದ್ದು ವಿನಿಮಯ ಕೇಂದ್ರಕ್ಕೆ ಬಂದರೆ ಅಲ್ಲೂ ತಡೆಯಬಹುದು. ಮರೆತ ಪಾಸ್‌ವರ್ಡ್ ಹುಡುಕಿಕೊಡುವ ಪ್ರಾಮಾಣಿಕ ತಜ್ಞರೂ ಇದ್ದಾರೆ, ಆದರೆ ಅಲ್ಲಿ ವ್ಯಾಲೆಟ್‌ನ ಕಡತ ಒಡೆಯರ ಬಳಿಯೇ ಇರುತ್ತದೆ. ಕಳವಿನ ವಿಷಯದಲ್ಲಿ ಕೆಲಸಕ್ಕೆ ಬರುವುದು ಕಾನೂನಿನ ಅಧಿಕಾರ ಮತ್ತು ವೇಗ. ಭಾರತದಲ್ಲಿ ಮೊದಲ ಗಂಟೆಗಳಲ್ಲೇ 1930 ಸಹಾಯವಾಣಿಗೆ ದೂರು ಕೊಟ್ಟು, ವ್ಯವಹಾರದ ಗುರುತುಸಂಖ್ಯೆಯನ್ನು ವಿನಿಮಯ ಕೇಂದ್ರಕ್ಕೂ ತಲುಪಿಸಬೇಕು.

ಇಷ್ಟೆಲ್ಲ ರಗಳೆ ಬೇಡ, ವಿನಿಮಯ ಕೇಂದ್ರದಲ್ಲೇ ಬಿಡೋಣ ಎನ್ನುವವರಿಗೆ 2024ರ ಜುಲೈನ ವಜೀರ್‌ಎಕ್ಸ್ ಪ್ರಕರಣ ಉತ್ತರ. ಹಲವು ಸಹಿ ಬೇಕಿದ್ದ ವ್ಯಾಲೆಟ್‌ನಿಂದಲೇ ಸುಮಾರು 2,000 ಕೋಟಿ ರೂಪಾಯಿ ಮೌಲ್ಯದ ನಾಣ್ಯಗಳು ಹೋದವು. ಗ್ರಾಹಕರು ಸಿಂಗಪುರದ ನ್ಯಾಯಾಲಯದ ತೀರ್ಮಾನಕ್ಕೆ ಕಾಯಬೇಕಾಯಿತು. 2023ರ ಮಾರ್ಚ್‌ನಿಂದ ಇಂಥ ಕೇಂದ್ರಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಆದರೆ ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿವರೆಗಿನ ವಿಮೆ ಕ್ರಿಪ್ಟೊಗೆ ಅನ್ವಯಿಸುವುದಿಲ್ಲ.