ಗೆಡ್ಡೆಯ ಬೆಳೆ, ಹೂವಿನ ಜಾತ್ರೆ

ನೆದರ್ಲೆಂಡ್ಸ್‌ನ ಲಿಸ್ಸೆ ಊರಿನ ಸುತ್ತಲ ಟ್ಯುಲಿಪ್ ಹೊಲಗಳು ಏಪ್ರಿಲ್‌ನಲ್ಲಿ ಕೆಂಪು, ಹಳದಿ, ನೇರಳೆ ಪಟ್ಟೆಗಳಾಗಿ ಅರಳಿ ನಿಂತಿರುವಾಗಲೇ ಒಂದು ದಿನ ಯಂತ್ರ ಬರುತ್ತದೆ. ದಂಟು, ಎಲೆಗಳನ್ನು ಬಿಟ್ಟು ಹೂವಿನ ತಲೆಯನ್ನಷ್ಟೇ ಕತ್ತರಿಸುತ್ತ ಸಾಲಿನಿಂದ ಸಾಲಿಗೆ ಸಾಗುತ್ತದೆ. ದೂರದಿಂದ ನೋಡಲು ಬಂದವರ ಕರುಳು ಚುರುಕ್ ಎನ್ನುತ್ತದೆ. ರೈತನಿಗೆ ಮಾತ್ರ ಅದು ಕಳೆ ಕೀಳುವಷ್ಟೇ ಸಹಜವಾದ ಕೆಲಸ. ಅವನ ಬೆಳೆ ಹೂವಲ್ಲ, ಮಣ್ಣೊಳಗಿನ ಗೆಡ್ಡೆ. ಹೂ ಉಳಿದರೆ ಗಿಡದ ಶಕ್ತಿ ಬೀಜ ಕಟ್ಟುವುದಕ್ಕೆ ಹೋಗುತ್ತದೆ, ಹೂ ತೆಗೆದರೆ ಗೆಡ್ಡೆ ದಪ್ಪವಾಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹೂಕುಡಿ ಮುರಿಯುವುದೂ ಎಲೆ ಬಲಿಯಲಿ ಎಂಬ ಇಂಥದೇ ಲೆಕ್ಕಾಚಾರದಿಂದ.

ಜಗತ್ತು ಮುಗಿಬಿದ್ದು ನೋಡುವ ಈ ಬಣ್ಣ ರೈತನ ಪಾಲಿಗೆ ಹೊರೆ. ವಸಂತದ ಹೂಹೊಲ ನೋಡುವ ಪ್ರವಾಸದ ಇತಿಹಾಸ ಹುಟ್ಟುವುದು ಈ ವಿಚಿತ್ರದಿಂದಲೇ.

ಟ್ಯುಲಿಪ್ ಇಲ್ಲಿಯ ಮಣ್ಣಿನದಲ್ಲ. ಅದು ಯುರೋಪಿಗೆ ಬಂದದ್ದು ತುರ್ಕಿಯಿಂದ. ಸಸ್ಯವಿಜ್ಞಾನಿ ಕರೋಲಸ್ ಕ್ಲೂಸಿಯಸ್ 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ತೋಟಕ್ಕೆ ಗೆಡ್ಡೆಗಳನ್ನು ತಂದು ನೆಟ್ಟ. ಮರುವರ್ಷ ಅವು ಅರಳಿದವು. ಆಮೇಲೆ ನಲವತ್ತೇ ವರ್ಷದಲ್ಲಿ ಗೆಡ್ಡೆಗಳ ಸಟ್ಟಾ ವ್ಯಾಪಾರ ಹುಚ್ಚೇರಿ 1637ರ ಫೆಬ್ರವರಿಯಲ್ಲಿ ನೆಲಕಚ್ಚಿದ ಕಥೆಯನ್ನು ಅರ್ಥಶಾಸ್ತ್ರದ ಪುಸ್ತಕಗಳು ಬೇಕಾದಷ್ಟು ಹೇಳಿವೆ. ಆದರೆ ಆ ಕಾಲದ ಟ್ಯುಲಿಪ್ ಸಿರಿವಂತರ ಕೈತೋಟದ್ದು. ಕಣ್ಣು ಹಾಯುವಷ್ಟು ದೂರದ ಹೊಲವಾಗಿ ಅದು ಹರಡಿದ್ದು ಬಹಳ ತಡವಾಗಿ. ಅದಕ್ಕೆ ಕಾರಣ ಮರಳು.

ಹಾರ್ಲೆಮ್ ಮತ್ತು ಲೈಡನ್ ನಡುವೆ, ಕಡಲ ದಂಡೆಗೆ ಸಮಾನಾಂತರವಾಗಿ ಹಳೆಯ ಮರಳುದಿಬ್ಬಗಳಿದ್ದವು. ಬೆಳೆಯುತ್ತಿದ್ದ ನಗರಗಳಿಗೆ ಮನೆ ಕಟ್ಟಲು, ಜೌಗು ತುಂಬಲು ಮರಳು ಬೇಕಿತ್ತು. ದಿಬ್ಬಗಳನ್ನು ಅಗೆದು, ಕಾಲುವೆ ತೋಡಿ, ದೋಣಿಗಳಲ್ಲಿ ಮರಳು ಸಾಗಿಸಿದರು. ಉಳಿದದ್ದು ಸಮತಟ್ಟಾದ, ಸಡಿಲವಾದ, ಸುಣ್ಣದಂಶವಿರುವ ನೆಲ. ಮರಳಾದ್ದರಿಂದ ನೀರು ನಿಲ್ಲುವುದಿಲ್ಲ. ಕಾಲುವೆಯ ನೀರನ್ನು ಏರಿಸಿ ಇಳಿಸಿ ಒಳನೆಲದ ತೇವವನ್ನು ಸುಮಾರು ಎರಡಡಿ ಆಳದಲ್ಲಿ ಕಾಯ್ದುಕೊಳ್ಳಬಹುದು. ಗೆಡ್ಡೆ ಕೊಳೆಯದೆ ಬೆಳೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಹತ್ತೊಂಬತ್ತನೇ ಶತಮಾನದಲ್ಲಿ ಗೆಡ್ಡೆಯ ರಫ್ತು ಬೆಳೆದಂತೆಲ್ಲ ಇನ್ನಷ್ಟು ದಿಬ್ಬ ಕರಗಿ ಇನ್ನಷ್ಟು ಹೊಲವಾಯಿತು. ಮರಳು ಮಾರಿದ ಜಾಗದಲ್ಲಿ ಬಣ್ಣ ಬೆಳೆಯಿತು. ಈ ಸೀಮೆಗೆ ಡಚ್ಚರು ಇಟ್ಟ ಹೆಸರು ಬೊಲೆನ್‌ಸ್ಟ್ರೇಕ್, ಅಂದರೆ ಗೆಡ್ಡೆಸೀಮೆ. ಹೂಸೀಮೆ ಎಂದು ಕರೆಯಲಿಲ್ಲ ಎಂಬುದನ್ನು ಗಮನಿಸಬೇಕು.

ನೋಡುಗರನ್ನು ಕರೆತಂದದ್ದು ರೈಲು. ಹಾರ್ಲೆಮ್‌ನಿಂದ ಲೈಡನ್‌ಗೆ 1842ರಲ್ಲಿ ಬಂದ ಹಳಿ ಇದೇ ಹೊಲಗಳ ನಡುವೆ ಹಾದಿತ್ತು. 1886ರ ವಸಂತದಲ್ಲಿ ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆ ಹಾಲೆಂಡಿಗೆ ಬಂದು ಟ್ಯುಲಿಪ್ ಹೊಲಗಳ ಚಿತ್ರಗಳನ್ನು ಬರೆದ. ಗಾಳಿಯಂತ್ರದ ಪಕ್ಕ ಬಣ್ಣದ ಪಟ್ಟೆಗಳಿರುವ ಒಂದು ಚಿತ್ರ ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಇಪ್ಪತ್ತನೇ ಶತಮಾನದಲ್ಲಿ ಸೈಕಲ್ಲು, ಆಮೇಲೆ ಕಾರು ಬಂದವು. ಹೊಲದವರು ಬಿಸಾಡುತ್ತಿದ್ದ ಹೂಗಳನ್ನು ಪೋಣಿಸಿ ರಸ್ತೆಬದಿಯಲ್ಲಿ ಹಾರ ಮಾರಲಾರಂಭಿಸಿದರು. ಊರಿಗೆ ಮರಳುವವರು ಅದನ್ನು ಸೈಕಲ್ಲಿನ ಹಿಡಿಗೆ, ಕಾರಿನ ಮೂತಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಆಯುಧಪೂಜೆಯ ದಿನ ನಮ್ಮ ಬಸ್ಸು, ಲಾರಿಗಳು ಹೊರಟಂತೆ!

ನಡುವೆ ಒಂದು ಕರಾಳ ಚಳಿಗಾಲವೂ ಇದೆ. 1944–45ರಲ್ಲಿ, ಜರ್ಮನರ ಹಿಡಿತದಲ್ಲಿದ್ದ ಪಶ್ಚಿಮದ ನಗರಗಳಿಗೆ ಆಹಾರ ಬಾರದೆ ಸುಮಾರು 20,000 ಜನ ಸತ್ತರು. ಉಳಿದವರು ಟ್ಯುಲಿಪ್ ಗೆಡ್ಡೆ ತಿಂದರು. ನಡುವಿನ ಹಳದಿ ಮೊಳಕೆಯನ್ನು ಕಿತ್ತು ಬೇಯಿಸಬೇಕಿತ್ತು, ಇಲ್ಲವಾದರೆ ವಿಷ. ರಫ್ತಿಗೆಂದು ಬೆಳೆದದ್ದು ಬಡವರ ಗಂಜಿಯಾಯಿತು.

ಯುದ್ಧ ಮುಗಿದ ಮೇಲೆ ಬೆಳೆಗಾರರಿಗೆ ಮಾರುಕಟ್ಟೆಯನ್ನು ಮತ್ತೆ ಕಟ್ಟಬೇಕಿತ್ತು. ಗೆಡ್ಡೆ ತೋರಿಸಿ ಯಾರನ್ನು ಮರುಳು ಮಾಡಲಾದೀತು? ಹೂ ತೋರಿಸಬೇಕು. 1949ರಲ್ಲಿ ಪ್ರಮುಖ ಬೆಳೆಗಾರರು, ರಫ್ತುದಾರರು ಸೇರಿ ಲಿಸ್ಸೆಯ ಹಳೆಯ ಬಂಗಲೆಯೊಂದರ ತೋಟವನ್ನು ಆರಿಸಿಕೊಂಡರು. ಹದಿನೈದನೇ ಶತಮಾನದಲ್ಲಿ ಕೌಂಟೆಸ್ ಒಬ್ಬಳ ಕೋಟೆಯ ಅಡುಗೆಗೆ ಸೊಪ್ಪುಸದೆ ಒದಗಿಸುತ್ತಿದ್ದ ಜಾಗವಾದ್ದರಿಂದ ಅದರ ಹೆಸರು ಕ್ಯೂಕೆನ್‌ಹಾಫ್, ಅಡುಗೆಮನೆ ಹಿತ್ತಿಲು. 1950ರಲ್ಲಿ ಬಾಗಿಲು ತೆರೆದಾಗ ಮೊದಲ ವರ್ಷವೇ 2,36,000 ಜನ ಬಂದರು. ಇಂದು 32 ಹೆಕ್ಟೇರಿನಲ್ಲಿ ಪ್ರತಿ ಶರತ್ಕಾಲದಲ್ಲಿ ಸುಮಾರು 70 ಲಕ್ಷ ಗೆಡ್ಡೆಗಳನ್ನು ಕೈಯಿಂದಲೇ ನೆಡುತ್ತಾರೆ. ಅಷ್ಟೂ ದುಡಿಮೆ ಎಂಟು ವಾರಗಳ ಪ್ರದರ್ಶನಕ್ಕಾಗಿ. ಜನರಿಗೆ ಹೂವಿನ ನಡುವೆ ನಡೆಯುವ ಆಸೆ, ರೈತರಿಗೆ ಹೊಲ ಉಳಿಸಿಕೊಳ್ಳುವ ಅಗತ್ಯ; ಎರಡಕ್ಕೂ ಇಷ್ಟು ಚೆನ್ನಾಗಿ ಹೊಂದುವ ಏರ್ಪಾಡು ಅಪರೂಪ.

ಭಾರತೀಯರ ಮನಸ್ಸಿಗೆ ಈ ಹೂಗಳನ್ನು ತಂದದ್ದು 1981ರ ಹಿಂದಿ ಸಿನಿಮಾ ‘ಸಿಲ್‌ಸಿಲಾ’. ಅಮಿತಾಭ್ ಮತ್ತು ರೇಖಾ ಟ್ಯುಲಿಪ್‌ಗಳ ನಡುವೆ ಹಾಡಿದ್ದನ್ನು ನೋಡಿದ ಮೇಲೆ, ಅಲ್ಲೇ ನಿಂತು ಫೋಟೊ ತೆಗೆಸಿಕೊಳ್ಳುವ ಕನಸು ಎಷ್ಟೋ ಮಂದಿಗೆ ಹತ್ತಿತು.

ಆ ಫೋಟೊವೇ ಈಗ ತೊಡಕಾಗಿದೆ. ಮೊಬೈಲ್ ಹಿಡಿದವರು ಹೊಲದೊಳಗೆ ನುಗ್ಗುತ್ತಾರೆ. ಗಿಡ ಮುರಿಯುವುದು ಕಣ್ಣಿಗೆ ಕಾಣುವ ನಷ್ಟ. ಬೂಟಿಗಂಟಿದ ಮಣ್ಣಿನೊಡನೆ ರೋಗ ಹೊಲದಿಂದ ಹೊಲಕ್ಕೆ ದಾಟುವುದು ಕಾಣದ ನಷ್ಟ. ರೈತರು ಹಗ್ಗ ಕಟ್ಟಿ ಫಲಕ ನೆಟ್ಟಿದ್ದಾರೆ. ಈ ಪಾಡು ನಮ್ಮ ಗುಂಡ್ಲುಪೇಟೆಗೂ ಗೊತ್ತು. ಮುಂಗಾರಿನಲ್ಲಿ ಊಟಿ, ಕೇರಳದ ಹೆದ್ದಾರಿ ಪಕ್ಕ ಸೂರ್ಯಕಾಂತಿ ಅರಳಿದಾಗ ಕಾರುಗಳು ಸಾಲುಗಟ್ಟುತ್ತವೆ. ಫೋಟೊಗೆ ಇಷ್ಟು ಎಂದು ರೈತರು ಹಣ ಕೇಳುತ್ತಾರೆ. ಕೇಳುವುದು ನ್ಯಾಯವೇ. ಅಲ್ಲಿ ನಿಂತ ಹೂ ಎಣ್ಣೆಯಾಗಬೇಕಾದ ಬೆಳೆ.

ಲಿಸ್ಸೆಗೇ ಹೋಗಿ, ಗುಂಡ್ಲುಪೇಟೆಗೇ ಹೋಗಿ, ಬದುವಿನ ಮೇಲೆ ನಿಂತು ಕಣ್ತುಂಬ ನೋಡಿ. ಸಾಲಿನೊಳಗೆ ಮಾತ್ರ ಕಾಲಿಡಬೇಡಿ.