ಮಳೆಯ ಸಟ್ಟಾದಿಂದ ರಾಕೆಟ್ಟಿನ ಸಟ್ಟಾದವರೆಗೆ

ಸಪ್ತವ್ಯಸನಗಳಲ್ಲಿ ದ್ಯೂತವನ್ನು ನಮ್ಮ ಆಚಾರ್ಯರು ಮೊದಲನೆಯದಾಗಿ ಎಣಿಸಿದ್ದಾರೆ. ಪಗಡೆ, ಇಸ್ಪೀಟುಗಳ ವಿಷಯದಲ್ಲಿ ಯಾವ ಶ್ರಾವಕನಿಗೂ ಸಂದೇಹವಿಲ್ಲ. ಆದರೆ ಮುಂದೆ ಆಗಲಿರುವುದನ್ನು ಊಹಿಸಿ ಅದರ ಮೇಲೆ ಹಣ ಹೂಡುವುದು ದ್ಯೂತವೋ ವ್ಯಾಪಾರವೋ ಎಂಬ ಪ್ರಶ್ನೆ ವ್ಯಾಪಾರಸ್ಥ ಮನೆತನಗಳನ್ನು ನೂರು ವರ್ಷಗಳಿಗೂ ಹಿಂದಿನಿಂದ ಕಾಡುತ್ತ ಬಂದಿದೆ. ಈಗ ಅದು ಹೊಸ ವೇಷ ತೊಟ್ಟಿದೆ. ಹೊಸ ರಾಕೆಟ್ಟೊಂದು ವರ್ಷಕ್ಕೆ ಎಷ್ಟು ಸಲ ಹಾರೀತು ಎಂಬುದರ ಮೇಲೆಯೂ ಪರದೇಶಗಳಲ್ಲಿ ಪೇಟೆ ನಡೆಯುತ್ತಿದೆ.

ಆ ಪೇಟೆಯ ಲೆಕ್ಕ ಸರಳ. 'ಐದು ಸಲ ಹಾರುತ್ತದೆ' ಎಂಬ ಪಾಲಿಗೆ, ಮಾತು ನಿಜವಾದರೆ ಒಂದು ರೂಪಾಯಿ, ಸುಳ್ಳಾದರೆ ಸೊನ್ನೆ. ಆ ಪಾಲು ಮೂವತ್ತು ಪೈಸೆಗೆ ಮಾರಾಟವಾದರೆ ಸಂಭವ ನೂರಕ್ಕೆ ಮೂವತ್ತು ಎಂದು ಪೇಟೆ ಹೇಳಿದಂತಾಯಿತು. ಅಮೆರಿಕೆಯ ಅಯೋವಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು 1988ರಲ್ಲಿ ಅಧ್ಯಕ್ಷೀಯ ಚುನಾವಣೆಯ ಮೇಲೆ ಇಂಥದೊಂದು ಪೇಟೆಯನ್ನು ಅಧ್ಯಯನಕ್ಕಾಗಿ ತೆರೆದರು.

ಆದರೆ ಇದಕ್ಕೂ ಬಹುಕಾಲ ಮೊದಲೇ ಕಲಕತ್ತೆಯ ಬಡಾಬಜಾರಿನಲ್ಲಿ ಮಾರವಾಡಿ ವ್ಯಾಪಾರಿಗಳು ಮಳೆಯ ಸಟ್ಟಾ ಆಡುತ್ತಿದ್ದರು. ಗೊತ್ತಾದ ಅವಧಿಯಲ್ಲಿ ಮಾಳಿಗೆಯ ದೋಣಿಯಿಂದ ನೀರು ಹರಿದು ಬೀಳುವಷ್ಟು ಮಳೆಯಾದೀತೇ ಇಲ್ಲವೇ ಎಂಬುದೇ ಪಂಥ. ಮೋಡ ನೋಡಿ ಹೇಳಬಲ್ಲವರಿಗೆ ಬೆಲೆಯಿತ್ತು. ಬಂಗಾಳ ಸರಕಾರವು 1897ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿ ಅದನ್ನು ನಿಷೇಧಿಸಿತು. 1872ರ ಕರಾರು ಕಾಯಿದೆಯ 30ನೆಯ ಕಲಮು ಪಂಥದ ಕರಾರುಗಳನ್ನು ಆಗಲೇ ಅಸಿಂಧುವೆಂದು ಸಾರಿತ್ತು. ಕುದುರೆ ಜೂಜಿಗೆ ಮಾತ್ರ ಅದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ದೊರೆಗಳ ಇಷ್ಟದ ಆಟವಲ್ಲವೇ!

ನಮ್ಮ ಭಾಗದವರಿಗೆ ಹೆಚ್ಚು ಪರಿಚಿತವಾದುದು ಓ.ಸಿ. ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ಹಾಗೂ ಮುಕ್ತಾಯದ ದರಗಳು ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದವು; ಅವುಗಳ ಅಂಕಿಗಳ ಮೇಲೆ ಕಟ್ಟಿದ ಪಂಥವೇ ಮಟ್ಕಾದ ಮೂಲ. ಮುಂದೆ ತಂತಿಯ ದರ ನಿಂತಿತು, ಗಡಿಗೆಯಿಂದ ಚೀಟಿ ಎತ್ತುವುದು ಬಂತು. ಹತ್ತಿ ಹೋಗಿ ಅಂಕಿ ಮಾತ್ರ ಉಳಿಯಿತು.

ನನ್ನ ತಂದೆಯವರು ಚಂದ್ರಬಂಡದ ಕಡೆಯ ಹತ್ತಿಯನ್ನು ರಾಯಚೂರಿನ ಅಡತಿಗೆ ತರಿಸುತ್ತಿದ್ದರು. ಕೊಯ್ಲಿಗೆ ಮೊದಲೇ ದರ ಗೊತ್ತು ಮಾಡಿ ಮುಂಗಡ ಕೊಡುವುದಿತ್ತು. ಅದೂ ಭವಿಷ್ಯದ ಊಹೆಯೇ ಸರಿ. ಆದರೆ ಅಲ್ಲಿ ಮಾಲು ಇತ್ತು. ಬೆಲೆ ಕುಸಿದರೂ ರೈತನಿಗೆ ಒಪ್ಪಿದ ದರ ಸಿಗುತ್ತಿತ್ತು, ಏರಿದರೆ ಲಾಭ ನಮ್ಮದು. ವಾಯಿದೆ ವ್ಯಾಪಾರಕ್ಕೂ ಸಟ್ಟಾಕ್ಕೂ ನಡುವೆ ಗೆರೆ ಎಳೆಯಲು ನಾನು ಬಲ್ಲ ಅಳತೆಗೋಲು ಇದೊಂದೇ: ಮೊದಲಿನಿಂದಲೇ ಇದ್ದ ನಷ್ಟದ ಭಯವನ್ನು ಹಂಚಿಕೊಂಡೆವೋ, ಇಲ್ಲದ ಭಯವನ್ನು ಹೊಸದಾಗಿ ಹುಟ್ಟಿಸಿಕೊಂಡೆವೋ?

ಇನ್ನು ರಾಕೆಟ್ಟು. ಇಲ್ಲಿ ಬಲ್ಲವರ ಊಹೆಯೂ ಎಷ್ಟು ತಪ್ಪಿದೆಯೆಂದರೆ ಆಶ್ಚರ್ಯವಾಗುತ್ತದೆ. ಅಮೆರಿಕೆಯ ಬಾಹ್ಯಾಕಾಶ ಷಟಲ್ ವರ್ಷಕ್ಕೆ 50ಕ್ಕೂ ಹೆಚ್ಚು ಸಲ ಹಾರುವುದೆಂದು 1970ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿದ್ದರು. 1981ರಿಂದ 2011ರವರೆಗಿನ ಮೂವತ್ತು ವರ್ಷಗಳಲ್ಲಿ ಅದು ಹಾರಿದ್ದು ಒಟ್ಟು 135 ಸಲ. ಅತಿ ಹೆಚ್ಚೆಂದರೆ 1985ರಲ್ಲಿ 9. ಸ್ಟಾರ್‌ಷಿಪ್ ಎಂಬ ದೈತ್ಯ ರಾಕೆಟ್ಟು 2023ರಲ್ಲಿ 2, 2024ರಲ್ಲಿ 4, 2025ರಲ್ಲಿ 5 ಸಲ ಹಾರಿತು. 2025ರ ಮೇ ತಿಂಗಳಲ್ಲಿ ಅದಕ್ಕೆ ಟೆಕ್ಸಾಸಿನಿಂದ ವರ್ಷಕ್ಕೆ 25 ಉಡಾವಣೆಗಳ ಅನುಮತಿ ದೊರೆತಿತ್ತು. ನಮ್ಮ ಇಸ್ರೋದ ಚಿಕ್ಕ ರಾಕೆಟ್ಟಾದ ಎಸ್.ಎಸ್.ಎಲ್.ವಿ.ಯ ಮೊದಲ ಹಾರಾಟ 2019ರಲ್ಲಿಯೇ ಎಂದಿತ್ತು. ಹಾರಿದ್ದು 2022ರ ಆಗಸ್ಟ್ 7ರಂದು, ಅದೂ ಉಪಗ್ರಹಗಳು ಸರಿಯಾದ ಕಕ್ಷೆ ಸೇರದೆ ವಿಫಲವಾಯಿತು. 2023ರ ಫೆಬ್ರವರಿ ಮತ್ತು 2024ರ ಆಗಸ್ಟ್‌ನಲ್ಲಿ ಸಫಲವಾಯಿತು.

ಪೇಟೆಯ ಪರವಾಗಿ ವಾದಿಸುವವರು ಒಂದು ಪ್ರಬಲ ದೃಷ್ಟಾಂತ ಕೊಡುತ್ತಾರೆ. 1986ರ ಜನವರಿ 28ರಂದು ಚಾಲೆಂಜರ್ ಷಟಲ್ ಸಿಡಿದು ಏಳು ಜನ ಮಡಿದರು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಆದರೂ ಅದೇ ದಿನ ಷೇರು ಪೇಟೆಯಲ್ಲಿ ಸಂಬಂಧಪಟ್ಟ ನಾಲ್ಕು ಕಂಪನಿಗಳ ಪೈಕಿ ಮಾರ್ಟನ್ ಥಿಯೋಕಾಲ್ ಒಂದರ ಬೆಲೆ ನೂರಕ್ಕೆ ಹನ್ನೆರಡರಷ್ಟು ಕುಸಿಯಿತು. ಉಳಿದವು ಸುಮಾರು ಮೂರರಷ್ಟು ಇಳಿದವು. ತಿಂಗಳುಗಳ ನಂತರ ವಿಚಾರಣಾ ಆಯೋಗ ದೋಷವನ್ನು ಕಂಡದ್ದು ಅದೇ ಕಂಪನಿಯ ಬೂಸ್ಟರಿನಲ್ಲಿ. ಪೇಟೆಗೆ ಜ್ಞಾನವಿದೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಹಿಂದಿನ ರಾತ್ರಿಯೇ ಆ ಕಂಪನಿಯ ಎಂಜಿನಿಯರ್ ರೋಜರ್ ಬೋಯ್ಸ್‌ಜೋಲಿ ಮತ್ತು ಆತನ ಸಂಗಡಿಗರು, ಇಷ್ಟು ಚಳಿಯಲ್ಲಿ ಹಾರಿಸಬೇಡಿರೆಂದು ವಾದಿಸಿದ್ದರು. ಕೊರತೆಯಿದ್ದುದು ಜ್ಞಾನದ್ದಲ್ಲ, ಕೇಳುವ ಕಿವಿಯದು. ಅದೇ ಎಂಜಿನಿಯರ್ 'ಹಾರುವುದಿಲ್ಲ' ಎಂಬ ಪಾಲನ್ನು ಕೊಂಡಿದ್ದರೆ ಆತನ ಎಚ್ಚರಿಕೆಯನ್ನು ಯಾರು ನಂಬುತ್ತಿದ್ದರು? ಬಾಯಿ ಮುಚ್ಚಿಕೊಂಡು ಪಾಲು ಕೊಂಡವನಿಗೆ ನಾವು ಯಾವ ಹೆಸರು ಕೊಡಬೇಕು?

ನಮ್ಮ ದೇಶದಲ್ಲಿ ಮೊಬೈಲಿನ ಮೂಲಕ ನಡೆಯುತ್ತಿದ್ದ 'ಅಭಿಪ್ರಾಯ ವ್ಯಾಪಾರ'ಕ್ಕೆ 2025ರ ಆಗಸ್ಟ್‌ನ ಆನ್‌ಲೈನ್ ಆಟಗಳ ಕಾಯಿದೆಯಿಂದ ತಡೆ ಬಿತ್ತು. ಅದಕ್ಕೆ ಮೊದಲೇ ನನ್ನ ತಂಗಿಯ ಮೊಮ್ಮಗ ಹಾಸ್ಟೆಲಿನ ಹಣವನ್ನು ಅದರಲ್ಲಿ ಕಳೆದುಕೊಂಡಿದ್ದ. "ಅಜ್ಜಾ, ಇದು ಜೂಜಲ್ಲ, ಬುದ್ಧಿಯ ಆಟ" ಎಂದ. ಕಲಕತ್ತೆಯ ಮಳೆಯ ಸಂಗತಿ ಹೇಳಿದೆ, ನಕ್ಕ. ಫೀ ನಾನೇ ಕಟ್ಟಿದೆ, ಅವನ ಅಜ್ಜಿಗೆ ಹೇಳಲಿಲ್ಲ. ಹೇಳದೆ ಇದ್ದುದು ಸರಿಯೇ ಎಂಬ ಸಂದೇಹ ನನಗೆ ಇನ್ನೂ ಹೋಗಿಲ್ಲ.

ಎಸ್.ಎಸ್.ಎಲ್.ವಿ.ಯನ್ನು ಬೆಂಗಳೂರಿನ ಎಚ್.ಎ.ಎಲ್. ಸಂಸ್ಥೆಗೆ ವಹಿಸುವ ಒಪ್ಪಂದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಸಹಿಯಾಯಿತು. ತಂತ್ರಜ್ಞಾನದ ಹಸ್ತಾಂತರಕ್ಕೆ 24 ತಿಂಗಳ ಅವಧಿ. ಆಮೇಲೆ ವರ್ಷಕ್ಕೆಷ್ಟು ಹಾರೀತೆಂದು ಹುಡುಗ ಮೊನ್ನೆ ಮತ್ತೆ ಕೇಳಿದ. ಒಂದು ಕಾಗದದ ಮೇಲೆ ಇಬ್ಬರೂ ನಮ್ಮ ನಮ್ಮ ಅಂಕಿ ಬರೆದು, ತಾರೀಖು ಹಾಕಿ, ಅಂಗಡಿಯ ಗಲ್ಲಾದಲ್ಲಿ ಇಟ್ಟಿದ್ದೇವೆ. ಹಣ ಕಟ್ಟಿಲ್ಲ.