ಎಂಜಲು ಮತ್ತು ಎಸರು

ಎಂಜಲು ಎಂಬ ಮಾತು ನಮ್ಮಲ್ಲಿ ಬೈಗುಳದಷ್ಟೇ ಕಟುವಾದದ್ದು. ಇನ್ನೊಬ್ಬರು ಉಂಡು ಬಿಟ್ಟದ್ದನ್ನು ಉಣ್ಣುವುದೆಂದರೆ ಮಾನ ಬಿಟ್ಟಂತೆ. ಆದರೆ ಹಸಿವಿಗೆ ಈ ಮಡಿ ಮೈಲಿಗೆಯ ಲೆಕ್ಕವಿಲ್ಲ. ಕೊರಿಯಾ ದೇಶದ ಒಂದು ಅಡುಗೆಯ ಚರಿತ್ರೆಯಲ್ಲಿ ಇದನ್ನು ಕಾಣಬಹುದು.

ಆ ಯುದ್ಧ ಶುರುವಾದದ್ದು 1950ರ ಜೂನ್ 25ರಂದು. ಕದನವಿರಾಮವಾದದ್ದು 1953ರ ಜುಲೈ 27ರಂದು. ತರಗತಿಯಲ್ಲಿ ನಾನು ಕೊಡಗಿನ ಕೆ.ಎಸ್. ತಿಮ್ಮಯ್ಯನವರ ಹೆಸರನ್ನೂ ಸೇರಿಸುತ್ತೇನೆ. ಯುದ್ಧಕೈದಿಗಳನ್ನು ಹಿಂದಿರುಗಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ಅಲ್ಲಿಯ ಜನ ಊಟಕ್ಕೆ ಏನು ಮಾಡಿದರು?” ಎಂದು ಕೇಳಿದಳು. ಪಾಠಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ರಾಜಧಾನಿ ಸೋಲ್‌ನ ಉತ್ತರಕ್ಕೆ ಉಯ್‌ಜಾಂಗ್‌ಬು ಎಂಬ ಊರಿದೆ. ಯುದ್ಧಾನಂತರ ಅಲ್ಲಿ ಅಮೆರಿಕದ ಸೈನ್ಯ ಬೀಡುಬಿಟ್ಟಿತ್ತು. ಇಂಥ ಶಿಬಿರಗಳಲ್ಲಿ ಸೈನಿಕರು ಉಂಡು ಮಿಕ್ಕಿದ್ದನ್ನು ಹೊರಗೆ ತಂದು, ಕುದಿಸಿ, ಬಡವರಿಗೆ ಮಾರುತ್ತಿದ್ದರು. ಜನ ಅದಕ್ಕಿಟ್ಟ ಹೆಸರು ‘ಹಂದಿಗಂಜಿ’. ಅದರಲ್ಲಿ ಒಮ್ಮೊಮ್ಮೆ ಸಿಗರೇಟಿನ ತುಂಡೂ ಸಿಗುತ್ತಿತ್ತಂತೆ. ಆದರೂ ಕೊಂಡು ಉಂಡರು, ಮನೆಯಲ್ಲಿ ಮಕ್ಕಳಿದ್ದರಲ್ಲ!

ಶಿಬಿರದಿಂದ ಹೊರಬರುತ್ತಿದ್ದ ಇನ್ನೊಂದು ವಸ್ತು ಡಬ್ಬಿಮಾಂಸ. ಅಮೆರಿಕದ ಹಾರ್ಮೆಲ್ ಕಂಪನಿ 1937ರಲ್ಲಿ ಹಂದಿಮಾಂಸಕ್ಕೆ ಉಪ್ಪು, ಸಕ್ಕರೆ ಬೆರೆಸಿ, ತಗಡಿನ ಡಬ್ಬಿಗೆ ತುಂಬಿ, ‘ಸ್ಪಾಮ್’ ಎಂದು ಮಾರತೊಡಗಿತು. ಬಹುಕಾಲ ಕೆಡದ ಈ ಮಾಂಸ ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಜೊತೆ ಲೋಕ ಸುತ್ತಿತು. ಕೊರಿಯಾದಲ್ಲಿ ಅದು ಕಾಳಸಂತೆಯ ಸರಕಾಯಿತು.

1960ರ ಸುಮಾರಿಗೆ ಉಯ್‌ಜಾಂಗ್‌ಬುವಿನಲ್ಲಿ ಮೀನಿನ ತಿಂಡಿ ಮಾರುತ್ತಿದ್ದ ಹಿಯೊ ಗಿ-ಸುಕ್ ಎಂಬಾಕೆಗೆ, ಶಿಬಿರದ ನಂಟಿದ್ದ ಗಿರಾಕಿಗಳು ಇಂಥ ಮಾಂಸ ತಂದುಕೊಟ್ಟು, “ಏನಾದರೂ ಮಾಡಿಕೊಡಿ” ಎಂದರು. ಆಕೆ ಮೊದಲು ಬರೀ ಹುರಿದುಕೊಟ್ಟರು. ಆಮೇಲೆ ತಮ್ಮ ನಾಡಿನ ಕಿಮ್ಚಿ ಹಾಕಿ ಕುದಿಸಿದರು. ಅದೇ ‘ಬುದೆ ಜಿಗೆ’. ಬುದೆ ಎಂದರೆ ಸೇನಾ ತುಕಡಿ, ಜಿಗೆ ಎಂದರೆ ಗಟ್ಟಿ ಸಾರು; ನಮ್ಮ ಮಜ್ಜಿಗೆಗೂ ಅದಕ್ಕೂ ನಂಟಿಲ್ಲ.

ಮಾಡುವ ಕ್ರಮ ಸುಲಭ. ಅಗಲವಾದ ಪಾತ್ರೆಯಲ್ಲಿ ಸ್ಪಾಮ್, ಸಾಸೇಜು, ಈರುಳ್ಳಿ, ಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಹುಳಿಯೇರಿಸಿದ ಎಲೆಕೋಸಿನ ಕಿಮ್ಚಿ, ಒಂದಿಷ್ಟು ಡಬ್ಬಿಯ ಬೀನ್ಸ್ ಜೋಡಿಸಿ, ಎಸರು ಹೊಯ್ದು, ಕೆಂಪು ಖಾರ ಕದಡಿ ಕುದಿಸುವುದು. ಡಬ್ಬಿಮಾಂಸವೇ ಉಪ್ಪುಪ್ಪು, ಬೇರೆ ಉಪ್ಪು ನೋಡಿ ಹಾಕಬೇಕು. ಕೊರಿಯಾದಲ್ಲಿ 1963ರಲ್ಲಿ ದಿಢೀರ್ ಶಾವಿಗೆ ತಯಾರಾಗತೊಡಗಿದ ಮೇಲೆ ಅದೂ ಈ ಪಾತ್ರೆಗೆ ಬಂದು ಸೇರಿತು. ಮೇಜಿನ ಮೇಲೆಯೇ ಒಲೆ. ಎಲ್ಲರೂ ಅದೇ ಪಾತ್ರೆಯಿಂದ ಬಡಿಸಿಕೊಂಡು ಅನ್ನದ ಜೊತೆ ಉಣ್ಣುತ್ತಾರೆ.

ಇಂದು ಅಲ್ಲಿ ಸುಗ್ಗಿಯ ಹಬ್ಬಕ್ಕೆ ಸ್ಪಾಮ್ ಡಬ್ಬಿಗಳನ್ನು ಚೆಂದದ ಪೆಟ್ಟಿಗೆಯಲ್ಲಿಟ್ಟು ಉಡುಗೊರೆ ಕೊಡುತ್ತಾರೆ. ಸಾರಿನ ಹೆಸರಿನಿಂದ ಸೈನ್ಯದ ಮಾತನ್ನು ತೆಗೆದು ಊರಿನ ಹೆಸರಿಡೋಣ ಎಂದವರೂ ಉಂಟು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಹಳೆಯ ಹೆಸರೇ ಇರಲಿ ಎನಿಸುತ್ತದೆ. ಎಂಜಲು ಉಂಡವರದಲ್ಲ ಅವಮಾನ. ಉಣ್ಣುವಂತೆ ಮಾಡಿದ ಯುದ್ಧದ್ದು. ಆ ಹೆಸರು ಅಳಿದರೆ, ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳುವ ಒಂದು ಸಾಕ್ಷಿಯೂ ಅಳಿದಂತೆ.